ಇಟ್ಟಿಗೆ ಸುಟ್ಟ ಶಾಲೆ, ಕೈತಪ್ಪಿದ ಮತ: ಬೂಕರ್ ವಾಷಿಂಗ್ಟನ್ ಎಂಬ ಮೇಷ್ಟ್ರು

ಮಾಡಿ ಕಲಿ ಅನ್ನೋದು ಈಗ ನಮ್ಮ ಶಿಕ್ಷಣದವರ ಹೊಸ ಮಂತ್ರ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುವಾಗಿದ್ದು 2016ರಲ್ಲಿ. 6ರಿಂದ 12ನೇ ತರಗತಿಯ ಮಕ್ಕಳಿಗೆ ಆರ್ಡಿನೊ ಬೋರ್ಡು, ಸೆನ್ಸರು, ಮೋಟಾರು, ತ್ರೀಡಿ ಪ್ರಿಂಟರು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಲ್ಯಾಬ್ ಮಾಡ್ತೀವಿ ಅಂತ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯೂ ಆಯ್ತು. ನಾನು ಇದರ ವಿರೋಧಿ ಅಲ್ಲ. ತಾನೇ ವೈರ್ ಜೋಡಿಸಿದ ಪುಟ್ಟ ಗಾಡಿ ಗೋಡೆ ಕಂಡು ತಿರುಗಿಕೊಂಡಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕುಣಿದಾಡಿದ್ದನ್ನು ನೋಡಿದವನು ನಾನು. ಕಿಟ್ ಹಾಳಾದೀತು ಅಂತ ಬೀರುವಿಗೆ ಬೀಗ ಹಾಕಿ, ಅಧಿಕಾರಿಗಳು ಬಂದಾಗ ಮಾತ್ರ ತೆಗೆಯುವ ಶಾಲೆಯನ್ನೂ ನೋಡಿದ್ದೀನಿ. ಅದು ಬೇರೆ ಕತೆ.

ನನ್ನನ್ನು ಕಾಡೋದು ಇನ್ನೊಂದು ಪ್ರಶ್ನೆ. ಕೈಗೆ ಕೆಲಸ ಕಲಿಸುವ ಶಾಲೆ, ಬಡವರ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತೆ? ಯಂತ್ರ ಕಟ್ಟುವವರ ಸಾಲಿಗಾ, ಯಂತ್ರದ ಮುಂದೆ ನಿಲ್ಲುವ ಕೂಲಿಗಳ ಸಾಲಿಗಾ? ಇದಕ್ಕೆ ಒಬ್ಬ ಮನುಷ್ಯ ತನ್ನ ಇಡೀ ಬದುಕನ್ನೇ ಪಣಕ್ಕಿಟ್ಟಿದ್ದ. ಆತ ಗೆದ್ದನೋ ಸೋತನೋ ಅಂತ ಅಮೆರಿಕದ ಕಪ್ಪು ಜನ ನೂರು ವರ್ಷ ಕಳೆದರೂ ಜಗಳ ಆಡ್ತಿದ್ದಾರೆ. ಅವರ ಹೆಸರು ಬೂಕರ್ ಟಿ. ವಾಷಿಂಗ್ಟನ್.

1856ರಲ್ಲಿ ವರ್ಜೀನಿಯಾದ ಒಂದು ತಂಬಾಕು ತೋಟದಲ್ಲಿ ಗುಲಾಮ ಕೂಸಾಗಿ ಹುಟ್ಟಿದ್ದು. ತಾಯಿ ಜೇನ್ ಆ ತೋಟದ ಅಡುಗೆಯಾಳು. ತಂದೆ ಯಾರೋ ಬಿಳಿಯ, ಯಾರು ಅಂತ ಮಗನಿಗೆ ಕೊನೆವರೆಗೂ ತಿಳಿಯಲಿಲ್ಲ. 1865ರಲ್ಲಿ ಗುಲಾಮಗಿರಿ ಮುಗಿದಾಗ ಈ ಕುಟುಂಬ ವೆಸ್ಟ್ ವರ್ಜೀನಿಯಾದ ಮಾಲ್ಡನ್‌ಗೆ ಹೆಚ್ಚುಕಮ್ಮಿ ನಡೆದುಕೊಂಡೇ ಹೋಯ್ತು. ಮಲತಂದೆ ಅಲ್ಲಿ ಉಪ್ಪು ಬೇಯಿಸುವ ಕುಲುಮೆಯಲ್ಲಿ ದುಡಿಯುತ್ತಿದ್ದ. ಉಪ್ಪು ತುಂಬಿದ ಪೀಪಾಯಿ ಯಾರ ಲೆಕ್ಕದ್ದು ಅಂತ ಗೊತ್ತಾಗಲು ಅದರ ಮೇಲೆ ಒಂದೊಂದು ನಂಬರ್ ಬರೀತಿದ್ರು. ಮಲತಂದೆಯ ನಂಬರ್ 18. ಹುಡುಗ ಓದಲು ಕಲಿತ ಮೊಟ್ಟಮೊದಲ ಬರಹ ಅದೇ. ನಮ್ಮಲ್ಲೂ ಎಷ್ಟೋ ಮಕ್ಕಳು ಅಕ್ಷರಕ್ಕೂ ಮೊದಲು ಕೂಲಿ ಲೆಕ್ಕ ಕಲಿಯುತ್ತವೆ.

ಮುಂದೆ ಕಲ್ಲಿದ್ದಲು ಗಣಿ. ಗಣಿಯ ಕತ್ತಲಲ್ಲಿ ಇಬ್ಬರು ಕೆಲಸಗಾರರು ಮಾತಾಡಿಕೊಳ್ಳುವಾಗ, ಹ್ಯಾಂಪ್ಟನ್ ಅನ್ನೋ ಊರಲ್ಲಿ ಕಪ್ಪು ಹುಡುಗರಿಗೊಂದು ಶಾಲೆ ಇದೆ, ದುಡಿದು ಫೀಸು ತೀರಿಸಬಹುದು ಅನ್ನೋ ಸುದ್ದಿ ಕಿವಿಗೆ ಬಿತ್ತು. 1872ರಲ್ಲಿ, 16ನೇ ವಯಸ್ಸಲ್ಲಿ, ಸುಮಾರು 500 ಮೈಲಿ ದೂರದ ಆ ಶಾಲೆಗೆ ಹೊರಟ. ದಾರಿಯಲ್ಲಿ ರಿಚ್ಮಂಡ್ ಪಟ್ಟಣದಲ್ಲಿ ದುಡ್ಡು ಮುಗಿದು, ಹಲಗೆ ಹಾಸಿದ ಫುಟ್‌ಪಾತಿನ ಅಡಿ ತೂರಿಕೊಂಡು ಮಲಗಿದ. ಶಾಲೆ ಮುಟ್ಟಿದಾಗ ಕೈಯಲ್ಲಿ 50 ಸೆಂಟ್. ಕೊಳಕು ಬಟ್ಟೆಯ ಈ ಹುಡುಗನನ್ನು ಸೇರಿಸಿಕೊಳ್ಳೋದೋ ಬೇಡವೋ ಅಂತ ಅನುಮಾನಿಸಿದ ಮೇಡಂ, ಪಕ್ಕದ ಕೊಠಡಿ ಗುಡಿಸಲು ಹೇಳಿದರು. ಆತ ಮೂರು ಸಲ ಗುಡಿಸಿ, ನಾಲ್ಕು ಸಲ ಒರೆಸಿದ. ಮೇಡಂ ಕರವಸ್ತ್ರದಲ್ಲಿ ಮೂಲೆಮೂಲೆ ಉಜ್ಜಿ ನೋಡಿದರೂ ಧೂಳಿಲ್ಲ. ಅದೇ ಎಂಟ್ರೆನ್ಸ್ ಪರೀಕ್ಷೆ ಆಗಿಹೋಯ್ತು.

ಈ ಪ್ರಸಂಗವನ್ನು ಶ್ರಮದ ಘನತೆಯ ಪಾಠವಾಗಿ ಲಕ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಜಾತಿ ಇರುವ ದೇಶದಲ್ಲಿ ಓದುವಾಗ ಇದು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಶಾಲೆಗೆ ಸೇರಬೇಕಾದರೆ ಯಾರ ಕೈಗೆ ಪೊರಕೆ ಕೊಡ್ತಾರೆ ಅನ್ನೋದು ನಮಗೆ ಗೊತ್ತಿರುವ ವಿಷಯವೇ.

ಇನ್ನು ಟಸ್ಕೆಗೀ ಶಾಲೆ ಹುಟ್ಟಿದ ಬಗೆ. ಇದು ಪುಣ್ಯಾತ್ಮರ ದಾನದಿಂದ ಶುರುವಾಗಿದ್ದಲ್ಲ, ವೋಟಿನಿಂದ. ಅಲಬಾಮಾದ ಟಸ್ಕೆಗೀ ಊರಲ್ಲಿ ಲೂಯಿಸ್ ಆಡಮ್ಸ್ ಅಂತ ಒಬ್ಬ ಮಾಜಿ ಗುಲಾಮ, ತಗಡಿನ ಕೆಲಸದವನು. ಕಪ್ಪು ಜನರ ನಡುವೆ ಆತನ ಮಾತಿಗೆ ಬೆಲೆ ಇತ್ತು. ರಾಜ್ಯದ ಸೆನೆಟ್‌ಗೆ ನಿಂತಿದ್ದ ಬಿಳಿಯ ಅಭ್ಯರ್ಥಿ ಫಾಸ್ಟರ್ ಆತನ ಹತ್ತಿರ ಬಂದು ನಿಮ್ಮವರ ಮತ ಕೊಡಿಸು ಅಂದಾಗ, ಆಡಮ್ಸ್ ತನಗೆ ಅಂತ ಏನೂ ಕೇಳಲಿಲ್ಲ, ಶಾಲೆ ಕೇಳಿದ. ಫಾಸ್ಟರ್ ಗೆದ್ದ. 1881ರಲ್ಲಿ ಅಲಬಾಮಾ ಶಾಸನಸಭೆ ಶಿಕ್ಷಕರ ಸಂಬಳಕ್ಕೆ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು. ಈ ವೋಟಿನ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಮೇಷ್ಟ್ರಾಗಿ ಬಂದವರು 25ರ ಬೂಕರ್. ಸಂಬಳಕ್ಕೆ ದುಡ್ಡಿದೆ, ಕಟ್ಟಡ ಇಲ್ಲ, ಜಾಗ ಇಲ್ಲ, ಪುಸ್ತಕ ಇಲ್ಲ. 1881ರ ಜುಲೈ 4ರಂದು ಚರ್ಚಿನ ಪಕ್ಕದ ಸೋರುವ ಗುಡಿಸಲಲ್ಲಿ 30 ವಿದ್ಯಾರ್ಥಿಗಳೊಂದಿಗೆ ಪಾಠ ಶುರು. ಮಳೆ ಬಂದಾಗ ಒಬ್ಬ ವಿದ್ಯಾರ್ಥಿ ಎದ್ದು ಮೇಷ್ಟ್ರ ತಲೆ ಮೇಲೆ ಕೊಡೆ ಹಿಡಿಯಬೇಕು. ಆಮೇಲೆ ಸಾಲ ತಂದು, ಹಾಳುಬಿದ್ದಿದ್ದ 100 ಎಕರೆ ತೋಟವನ್ನು 500 ಡಾಲರಿಗೆ ಕೊಂಡರು. ಹಣ ಎತ್ತುವುದರಲ್ಲಿ, ಪಾಠ ಹೇಳುವುದರಲ್ಲಿ ಅರ್ಧ ಭಾರ ಹೊತ್ತವರು ಒಲಿವಿಯಾ ಡೇವಿಡ್ಸನ್. ಮುಂದೆ ಬೂಕರ್ ಅವರನ್ನು ಮದುವೆಯಾದ ಒಲಿವಿಯಾ 1889ರಲ್ಲಿ ತೀರಿಕೊಂಡರು. ಇವರ ಹೆಸರು ಎಲ್ಲೂ ಸರಿಯಾಗಿ ಬರೋದೇ ಇಲ್ಲ.

ಕಟ್ಟಡ ಬೇಕು, ಕಟ್ಟಡಕ್ಕೆ ಇಟ್ಟಿಗೆ ಬೇಕು. ಊರಲ್ಲಿ ಇಟ್ಟಿಗೆ ಮಾಡುವವರೇ ಇರಲಿಲ್ಲ. ಸರಿ, ನಾವೇ ಮಾಡೋಣ ಅಂದರು ಬೂಕರ್. ಮೊಣಕಾಲುದ್ದದ ಕೆಸರಲ್ಲಿ ನಿಂತು ಮಣ್ಣು ತುಳಿಯುವ ಕೆಲಸ ನೋಡಿ ಎಷ್ಟೋ ಹುಡುಗರು ಶಾಲೆ ಬಿಟ್ಟು ಓಡಿದರು. 25,000 ಇಟ್ಟಿಗೆ ಜೋಡಿಸಿ ಗೂಡು ಹಾಕಿದರು, ಸರಿಯಾಗಿ ಬೇಯಲಿಲ್ಲ. ಎರಡನೆಯದೂ ಕೆಟ್ಟಿತು. ಮೂರನೆಯದು ವಾರವಿಡೀ ಉರಿದು, ಇನ್ನೇನು ಮುಗೀತು ಅನ್ನುವಾಗ ರಾತ್ರಿ ಕುಸಿದುಬಿತ್ತು. ಜೊತೆಯ ಶಿಕ್ಷಕರೆಲ್ಲ ಸಾಕು ಬಿಡಿ ಅಂದರು. ಬೂಕರ್ ಮಾಂಟ್ಗೊಮರಿಗೆ ಹೋಗಿ ತಮ್ಮ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟು ಬಂದರು. ನಾಲ್ಕನೇ ಗೂಡು ಬೆಂದಿತು. ಗಡಿಯಾರ ವಾಪಸ್ ಬರಲಿಲ್ಲ.

ನಮ್ಮ ಟಿಂಕರಿಂಗ್ ಲ್ಯಾಬ್‌ಗಳಿಗೂ ಟಸ್ಕೆಗೀಗೂ ಇರುವ ಫರಕು ನನಗೆ ಕಾಣೋದು ಇಲ್ಲೇ. ಆ ಮಕ್ಕಳು ಮಾಡಿದ್ದು ಮಾದರಿ ಅಲ್ಲ. ವಿಜ್ಞಾನ ಮೇಳದಲ್ಲಿ ಒಂದು ದಿನ ಇಟ್ಟು, ಸರ್ಟಿಫಿಕೇಟ್ ತಗೊಂಡು, ಬಿಚ್ಚಿ ಡಬ್ಬಕ್ಕೆ ಹಾಕುವಂಥದ್ದಲ್ಲ. ಅವರು ಸುಟ್ಟ ಇಟ್ಟಿಗೆಯಲ್ಲಿ ಅವರದೇ ಹಾಸ್ಟೆಲ್ ಎದ್ದಿತು. ಕೆಟ್ಟರೆ ಮಳೆಯಲ್ಲಿ ನೆನೆಯಬೇಕಿದ್ದವರೂ ಅವರೇ. ಶಾಲೆ ಬೇಡ ಅನ್ನುತ್ತಿದ್ದ ಅಕ್ಕಪಕ್ಕದ ಬಿಳಿಯರೂ ಒಳ್ಳೇ ಇಟ್ಟಿಗೆ ಸಿಗುತ್ತೆ ಅಂತ ಬಂದು ಕೊಳ್ಳತೊಡಗಿದರು. 20 ವರ್ಷದೊಳಗೆ ಅಲ್ಲಿ 40 ಕಟ್ಟಡಗಳು ಎದ್ದಿದ್ದವು, ನಾಲ್ಕು ಬಿಟ್ಟು ಉಳಿದೆಲ್ಲವೂ ಹೆಚ್ಚಾಗಿ ವಿದ್ಯಾರ್ಥಿಗಳ ಕೈಕೆಲಸ. ಎಂಐಟಿಯಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ರಾಬರ್ಟ್ ಟೇಲರ್ 1892ರಲ್ಲಿ ಇಲ್ಲಿಗೆ ಬಂದು ಕಟ್ಟಡಗಳ ನಕ್ಷೆ ಹಾಕಿದರು. 1896ರಲ್ಲಿ ಬಂದ ಜಾರ್ಜ್ ವಾಷಿಂಗ್ಟನ್ ಕಾರ್ವರ್‌ಗೆ ಪ್ರಯೋಗಾಲಯವೇ ಇರಲಿಲ್ಲ. ತಿಪ್ಪೆಯಲ್ಲಿ ಬಿದ್ದ ಬಾಟಲಿ, ಹಳೇ ಡಬ್ಬ ಆರಿಸಿ ತಂದು ಮಕ್ಕಳ ಜೊತೆ ಸಲಕರಣೆ ಮಾಡಿಕೊಂಡರು. 20 ಲಕ್ಷದ ಕಿಟ್ ಬೀರುವಿನಲ್ಲಿ ಕೊಳೆಯುವುದನ್ನು ನೋಡಿದವರಿಗೆ ಕಾರ್ವರ್ ಬಾಟಲಿಗಳು ನೆನಪಾಗದೆ ಇರಲ್ಲ.

ತಂದೆತಾಯಂದಿರು ಮಾತ್ರ ಗಲಾಟೆ ಮಾಡಿದರು. ಮಗನನ್ನು ಓದಕ್ಕೆ ಕಳಿಸಿದ್ದು, ಮಣ್ಣು ಹೊರಕ್ಕಲ್ಲ ಅಂತ ಅವರ ತಕರಾರು. ಅವರನ್ನು ಮೂಢರು ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. ಇನ್ನೂರೈವತ್ತು ವರ್ಷ ಬಿಟ್ಟಿ ದುಡಿದ ಜನಕ್ಕೆ ದುಡಿಮೆ ಹೊಸದಾಗಿರಲಿಲ್ಲ, ಪುಸ್ತಕ ಹೊಸದಾಗಿತ್ತು. ಹುಡುಗಿಯರಿಗಂತೂ ಸಿಕ್ಕಿದ್ದು ಹೆಚ್ಚಾಗಿ ಹೊಲಿಗೆ, ಅಡುಗೆ, ಬಟ್ಟೆ ಒಗೆಯುವ ತರಬೇತಿ.

1895ರ ಸೆಪ್ಟೆಂಬರ್ 18ರಂದು ಅಟ್ಲಾಂಟಾದಲ್ಲಿ ಬಿಳಿಯರೇ ತುಂಬಿದ್ದ ಸಭೆಯಲ್ಲಿ ಬೂಕರ್ ಮಾಡಿದ ಭಾಷಣ ಅವರನ್ನು ದೇಶಕ್ಕೇ ನಾಯಕ ಮಾಡಿತು. ಸಾರಾಂಶ ಇಷ್ಟೇ: ಕಪ್ಪು ಜನ ಸದ್ಯಕ್ಕೆ ಸಾಮಾಜಿಕ ಸಮಾನತೆಗೆ ಒತ್ತಾಯಿಸಲ್ಲ, ಮೊದಲು ಕಸುಬು, ಹೊಲ, ಉಳಿತಾಯ, ಹಕ್ಕು ತಾನಾಗಿ ಹಿಂದೆ ಬರುತ್ತೆ. ಬಿಳಿಯರು ಚಪ್ಪಾಳೆ ತಟ್ಟಿದರು. ಉತ್ತರದ ಸಿರಿವಂತರು ಥೈಲಿ ಬಿಚ್ಚಿದರು. 1903ರಲ್ಲಿ ಕಾರ್ನೆಗಿ ಒಬ್ಬರೇ ಕೊಟ್ಟಿದ್ದು 6,00,000 ಡಾಲರ್. 1901ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಊಟಕ್ಕೆ ಕರೆದರು, ದಕ್ಷಿಣದ ಪತ್ರಿಕೆಗಳು ಕೆಂಡ ಕಾರಿದವು.

ಅದೇ 1901ರಲ್ಲಿ ಅಲಬಾಮಾ ಹೊಸ ಸಂವಿಧಾನ ಬರೆದುಕೊಂಡಿತು. ಅಕ್ಷರ ಪರೀಕ್ಷೆ, ಆಸ್ತಿ ಷರತ್ತು, ಮತತೆರಿಗೆ. ರಾಜ್ಯದಲ್ಲಿ ಮತದ ವಯಸ್ಸಿನ ಸುಮಾರು 1,80,000 ಕಪ್ಪು ಗಂಡಸರಿದ್ದರು. ಎರಡು ವರ್ಷದಲ್ಲಿ ಪಟ್ಟಿಯಲ್ಲಿ ಉಳಿದವರು ಸುಮಾರು 3,000. ಕಪ್ಪು ಜನರ ವೋಟಿನ ಚೌಕಾಸಿಯಿಂದ ಹುಟ್ಟಿದ ಶಾಲೆ, 20 ವರ್ಷಕ್ಕೆ ವೋಟೇ ಇಲ್ಲದ ಊರಲ್ಲಿ ನಿಂತಿತ್ತು. ಕಟ್ಟಡಗಳು ಮಾತ್ರ ಚೆನ್ನಾಗಿದ್ದವು.

ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರ ತಮ್ಮ ಪುಸ್ತಕದಲ್ಲಿ ಬೂಕರ್ ಮೇಲೆ ಬಿದ್ದಿದ್ದು ಇದಕ್ಕೇ. ಡುಬಾಯ್ಸ್ ಕೈಕೆಲಸ ಬೇಡ ಅನ್ನಲಿಲ್ಲ. ಮತದ ಹಕ್ಕು, ನಾಗರಿಕ ಸಮಾನತೆ, ಉನ್ನತ ಶಿಕ್ಷಣ ಈ ಮೂರನ್ನೂ ಬಿಟ್ಟುಕೊಟ್ಟು ಪಡೆದ ಕಸುಬನ್ನು ಕಾಪಾಡಿಕೊಳ್ಳೋದು ಹೇಗೆ ಅನ್ನೋದು ಅವರ ಪ್ರಶ್ನೆ. ಟಸ್ಕೆಗೀಯ ಶಿಕ್ಷಕರೇ ಕಾಲೇಜು ಓದಿ ಬಂದವರಲ್ಲವೇ ಅಂತಲೂ ಕೇಳಿದರು. ನನ್ನ ಕಡೆಯಿಂದ ಇನ್ನೊಂದು ಸೇರಿಸ್ತೀನಿ: ಬೂಕರ್ ತಮ್ಮ ಮಗಳು ಪೋರ್ಷಿಯಾಳನ್ನು ಪಿಯಾನೊ ಕಲಿಯಲು ಬರ್ಲಿನ್‌ಗೆ ಕಳಿಸಿದ್ದರು. ಇನ್ನೊಂದು ದೋಷವೂ ಇತ್ತು. ಕಾರ್ಖಾನೆಗಳ ಯುಗದಲ್ಲಿ ಗಾಡಿಚಕ್ರ, ಲಾಳ, ಕೈಇಟ್ಟಿಗೆ ಕಲಿತ ಹುಡುಗರು ಹೊರಬಂದಾಗ ಕಸುಬುಗಳೇ ಸಾಯುತ್ತಿದ್ದವು, ಹೊಸ ಕಾರ್ಖಾನೆಗಳ ಬಿಳಿ ಯೂನಿಯನ್‌ಗಳು ಬಾಗಿಲು ಹಾಕಿದ್ದವು. ಈಗ ನಾವು ಹಂಚುತ್ತಿರುವ ಬೋರ್ಡುಗಳಿಗೆ ಎಷ್ಟು ವರ್ಷ ಆಯಸ್ಸು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ?

ಕಸುಬಿನ ಶಾಲೆ ವಸಾಹತುಗಳಿಗೂ ಇಷ್ಟವಾಯ್ತು. 1901ರಲ್ಲಿ ಟಸ್ಕೆಗೀ ತಂಡವೊಂದು ಜರ್ಮನ್ ಆಳ್ವಿಕೆಯ ಟೋಗೊಗೆ ಹೋಗಿ ಹತ್ತಿ ಬೆಳೆಸಲು ಕಲಿಸಿತು; ಬೆಳೆಸಿದ್ದು ಆಫ್ರಿಕನ್ನರು, ಬೇಕಾಗಿದ್ದು ಜರ್ಮನ್ ಗಿರಣಿಗಳಿಗೆ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ 1903ರಲ್ಲೇ ಇಂಡಿಯನ್ ಒಪಿನಿಯನ್‌ನಲ್ಲಿ ಬೂಕರ್ ಬಗ್ಗೆ ಮೆಚ್ಚಿ ಬರೆದರು. 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಮುಂದಿಟ್ಟವರೂ ಅವರೇ. ಆಮೇಲೆ 1953ರಲ್ಲಿ ರಾಜಾಜಿ ಮದ್ರಾಸ್ ರಾಜ್ಯದ ಹಳ್ಳಿ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆತನದ ಕಸುಬು ಕಲಿಯಲಿ ಅಂದರು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೇ ಸೇರಿತ್ತು. ಕುಲಕಸುಬಿನ ಶಿಕ್ಷಣ ಅಂತ ಪೆರಿಯಾರ್ ಬೀದಿಗಿಳಿದರು, ರಾಜಾಜಿ ಅಧಿಕಾರ ಬಿಟ್ಟರು, 1954ರಲ್ಲಿ ಕಾಮರಾಜ್ ಅದನ್ನು ಕಿತ್ತುಹಾಕಿದರು. ಮಾಡಿ ಕಲಿಯುವುದು ಜಾತಿಯ ಕೈಗೆ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಬೂಕರ್ ಬರೀ ರಾಜಿಗಾರರಾ? ಅವರು ತೀರಿಕೊಂಡು ದಶಕಗಳ ಮೇಲೆ ಇತಿಹಾಸಕಾರರು ಅವರ ಪತ್ರಗಳ ರಾಶಿ ಬಿಡಿಸಿದಾಗ ಬೇರೊಬ್ಬ ಮನುಷ್ಯ ಕಂಡ. ಅಲಬಾಮಾದ ಆ ಸಂವಿಧಾನವನ್ನು ಜಾಕ್ಸನ್ ಗೈಲ್ಸ್ ಅನ್ನೋ ಕಪ್ಪು ಪ್ರಜೆ ಸುಪ್ರೀಂ ಕೋರ್ಟಿನವರೆಗೆ ಒಯ್ದಿದ್ದರಲ್ಲ, ಆ ಮೊಕದ್ದಮೆಗೆ ಗುಟ್ಟಾಗಿ ದುಡ್ಡು ಕಟ್ಟಿದವರು ಬೂಕರ್. ಕಾರ್ಯದರ್ಶಿ ಎಮೆಟ್ ಸ್ಕಾಟ್ ಮತ್ತು ವಕೀಲರ ನಡುವೆ ಗುಪ್ತ ಹೆಸರುಗಳಲ್ಲಿ ಪತ್ರ ಓಡಾಡಿದ್ದವು. 1903ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿತು. ಬಹಿರಂಗದಲ್ಲಿ ಸುಮ್ಮನಿರಿ ಅನ್ನುತ್ತಲೇ ಹಿಂಬಾಗಿಲಿನಿಂದ ಹೋರಾಟಕ್ಕೆ ಹಣ ಕಳಿಸಿದ್ದರು. ಇದೇ ಮನುಷ್ಯ ತನ್ನನ್ನು ಟೀಕಿಸಿದವರ ಸಭೆಗಳಿಗೆ ಗೂಢಚಾರರನ್ನೂ ಕಳಿಸಿದ್ದ, ಕಪ್ಪು ಪತ್ರಿಕೆಗಳ ಬಾಯಿ ದುಡ್ಡಿನಿಂದ ಕಟ್ಟಿದ್ದ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾನು ಅವರನ್ನು ಓದ್ತೀನಿ. ಆದರೆ ಗುಟ್ಟಾಗಿ ಕೊಟ್ಟ ದುಡ್ಡಿಗಿಂತ ಬಹಿರಂಗವಾಗಿ ಆಡಿದ ಮಾತು ದೊಡ್ಡ ಪರಿಣಾಮ ಮಾಡಿತು ಅನ್ನೋದು ನನ್ನ ಅಭಿಪ್ರಾಯ.

1912ರಿಂದ ಅವರು ವ್ಯಾಪಾರಿ ಜೂಲಿಯಸ್ ರೋಸನ್‌ವಾಲ್ಡ್ ಜೊತೆ ಸೇರಿ ಹಳ್ಳಿ ಶಾಲೆ ಕಟ್ಟಿಸತೊಡಗಿದರು. ಕಪ್ಪು ರೈತರೂ ತಮ್ಮ ಪಾಲಿನ ದುಡ್ಡು, ಮರ, ದುಡಿಮೆ ಕೊಡಬೇಕಿತ್ತು. 1932ರ ಹೊತ್ತಿಗೆ ದಕ್ಷಿಣದಲ್ಲಿ ಅಂಥ ಸುಮಾರು 5,000 ಶಾಲೆಗಳಾದವು. ಇದನ್ನು ನೋಡಲು ಬೂಕರ್ ಇರಲಿಲ್ಲ. 1915ರ ನವೆಂಬರ್ 14ರಂದು 59ರ ವಯಸ್ಸಲ್ಲಿ ಟಸ್ಕೆಗೀಯಲ್ಲೇ ಕಣ್ಣು ಮುಚ್ಚಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಇಟ್ಟಿಗೆ ಸುಟ್ಟ ಆ ಶಾಲೆ ವಿಮಾನ ಹಾರಿಸುವುದನ್ನೂ ಕಲಿಸುತ್ತಿತ್ತು. ಅಮೆರಿಕ ಸೇನೆಯ ಮೊದಲ ಕಪ್ಪು ಪೈಲಟ್‌ಗಳು ತಯಾರಾಗಿದ್ದು ಟಸ್ಕೆಗೀಯಲ್ಲೇ.

ಮತ್ತೆ ಬರ್ತೀನಿ ಅಂದಿದ್ದೆನಲ್ಲ, ಆ ವೋಟಿನ ವಿಷಯಕ್ಕೆ. 1957ರಲ್ಲಿ, ಟಸ್ಕೆಗೀ ಊರಲ್ಲಿ ಓದಿದ, ಕೆಲಸವಿದ್ದ, ಮನೆ ಕಟ್ಟಿಕೊಂಡ ಕಪ್ಪು ಜನ ಮತದಾರರ ಪಟ್ಟಿಗೆ ಸೇರುತ್ತಿದ್ದಾರೆ ಅಂತ ಗಾಬರಿಯಾದ ಅಲಬಾಮಾ ಶಾಸನಸಭೆ, ಊರಿನ ಗಡಿಯನ್ನೇ ಬದಲಿಸಿತು. ಚೌಕಾಕಾರದ ಊರು 28 ಮೂಲೆಗಳ ವಿಚಿತ್ರ ಆಕೃತಿಯಾಯ್ತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೋ ಐದೋ ಜನ ಬಿಟ್ಟು ಎಲ್ಲರೂ ಊರಾಚೆ ಆದರು. ಟಸ್ಕೆಗೀ ಸಂಸ್ಥೆಯ ಕ್ಯಾಂಪಸ್ಸೂ ಆಚೆಗೆ ಹೋಯ್ತು. ಇದರ ವಿರುದ್ಧ ಕೋರ್ಟಿಗೆ ಹೋಗಿ, 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು ಚಾರ್ಲ್ಸ್ ಗೊಮಿಲಿಯನ್. ಅದೇ ಸಂಸ್ಥೆಯಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು.