ಗಾಜಿನ ಪಾತ್ರೆಯಲ್ಲಿ ಕೊಳ ಕಟ್ಟಿದ ರಾಬರ್ಟ್ ವಾರಿಂಗ್ಟನ್

ಮಕ್ಕಳೇ, ಹಳ್ಳದಲ್ಲಿ ಹಿಡಿದ ಮೀನುಮರಿಯನ್ನು ಬಾಟಲಿಯಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೀರಾ? ಮೊದಲ ದಿನ ಚುರುಕಾಗಿ ಈಜುವ ಮೀನು, ಒಂದೆರಡು ದಿನಗಳಲ್ಲಿ ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತದೆ. ನೀರು ಬದಲಿಸದಿದ್ದರೆ ಸತ್ತೇ ಹೋಗುತ್ತದೆ. ಆದರೆ ಕೆರೆಯ ನೀರನ್ನು ಯಾರೂ ಬದಲಿಸುವುದಿಲ್ಲ. ಅಲ್ಲಿ ಮೀನುಗಳು ಹೇಗೆ ಬದುಕುತ್ತವೆ? ಇದಕ್ಕೆ ಪ್ರಯೋಗದಿಂದ ಉತ್ತರ ಹುಡುಕಿದವರಲ್ಲಿ ರಾಬರ್ಟ್ ವಾರಿಂಗ್ಟನ್ ಪ್ರಮುಖರು.

ವಾರಿಂಗ್ಟನ್ 1807ರಲ್ಲಿ ಇಂಗ್ಲೆಂಡಿನ ಶೀರ್ನೆಸ್ ಎಂಬಲ್ಲಿ ಜನಿಸಿದರು. ರಸಾಯನ ವಿಜ್ಞಾನ ಅವರ ಅಚ್ಚುಮೆಚ್ಚಿನ ವಿಷಯ. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಸ್ಥಾಪನೆಗೆ ಮುಂದಾಗಿ, ಸುಮಾರು ಹತ್ತು ವರ್ಷ ಅದರ ಕಾರ್ಯದರ್ಶಿಯಾಗಿದ್ದರು. 1842ರಿಂದ ಅಪೊಥೆಕರೀಸ್ ಸೊಸೈಟಿ ಎಂಬ ಸಂಸ್ಥೆಯಲ್ಲಿ ಔಷಧಗಳ ತಯಾರಿಕೆಯನ್ನು ನೋಡಿಕೊಳ್ಳುತ್ತಿದ್ದರು.

ಪ್ರಾಣಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸಸ್ಯಗಳು ಬೆಳಕಿನಲ್ಲಿ ಬಳಸಿಕೊಂಡು ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ ಎಂಬುದು ಆಗಲೇ ತಿಳಿದಿತ್ತು. ಹಾಗಾದರೆ ಒಂದೇ ಪಾತ್ರೆಯಲ್ಲಿ ಮೀನು, ಸಸ್ಯ ಎರಡನ್ನೂ ಇಟ್ಟರೆ ನೀರು ಬದಲಿಸದೆಯೇ ಬಹುಕಾಲ ಬದುಕಬೇಕಲ್ಲವೇ? 1849ರಲ್ಲಿ ಅವರು ದೊಡ್ಡ ಗಾಜಿನ ಪಾತ್ರೆಯ ತಳದಲ್ಲಿ ಮರಳು, ಕೆಸರು ಹರಡಿ ನೀರು ತುಂಬಿದರು. ರಿಬ್ಬನ್ನಿನಂತೆ ಉದ್ದ ಎಲೆಗಳಿರುವ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಪುಟ್ಟ ಗೋಲ್ಡ್‌ಫಿಶ್‌ಗಳನ್ನು ಬಿಟ್ಟರು.

ಆರಂಭದಲ್ಲಿ ಎಲ್ಲವೂ ಚೆನ್ನಾಗಿತ್ತು. ಆದರೆ ಕೆಲವು ಎಲೆಗಳು ಸತ್ತು ಕೊಳೆಯತೊಡಗಿದವು. ನೀರು ಕದಡಿತು. ಗಾಜಿಗೆ ಹಸಿರು ಲೋಳೆ ಅಂಟಿತು. ಮೀನುಗಳ ಪ್ರಾಣಕ್ಕೇ ಕುತ್ತು ಬರುವಂತಿತ್ತು. ಲೆಕ್ಕ ಸರಿಯಿದ್ದರೂ ಪ್ರಯೋಗ ಏಕೆ ಕೆಡುತ್ತಿದೆ? ವಾರಿಂಗ್ಟನ್ ನಿಜವಾದ ಕೊಳಗಳನ್ನು ನೆನಪಿಸಿಕೊಂಡರು. ಅಲ್ಲಿ ಕೊಳೆತ ಎಲೆಗಳನ್ನು ತಿನ್ನುವವರು ಇದ್ದರು. ಅವರೇ ಬಸವನಹುಳುಗಳು!

ಅವರು ಐದಾರು ಬಸವನಹುಳುಗಳನ್ನು ತಂದು ಪಾತ್ರೆಗೆ ಬಿಟ್ಟರು. ಅವು ಕೊಳೆತ ಎಲೆ, ಲೋಳೆ ಎಲ್ಲವನ್ನೂ ತಿಂದು ಮುಗಿಸಿದವು. ನೀರು ತಿಳಿಯಾಯಿತು. ಅವು ಇಟ್ಟ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ಅವುಗಳ ಮಲ ಸಸ್ಯಕ್ಕೆ ಗೊಬ್ಬರವಾಯಿತು. 1850ರಲ್ಲಿ ಅವರು ಈ ಪ್ರಯೋಗದ ವರದಿಯನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟರು. ಮನೆಯೊಳಗೆ ಸಸ್ಯಸಹಿತ ಅಕ್ವೇರಿಯಂ ಇಡುವ ಹವ್ಯಾಸಕ್ಕೆ ಇದು ಬುನಾದಿಯಾಯಿತು.

ಗೋಲ್ಡ್‌ಫಿಶ್ ಇಂಗ್ಲೆಂಡಿನ ಮೀನಲ್ಲ. ಮುಂದೆ ವಾರಿಂಗ್ಟನ್ ತಮ್ಮ ನಾಡಿನ ಹಳ್ಳಕೊಳ್ಳಗಳಲ್ಲಿ ಸಿಗುವ ಸ್ಟಿಕಲ್‌ಬ್ಯಾಕ್ ಎಂಬ, ಬೆನ್ನ ಮೇಲೆ ಮುಳ್ಳುಗಳಿರುವ ಪುಟ್ಟ ಮೀನನ್ನೂ ಸಾಕಿದರು. ಇದರ ಗಂಡು ಮೀನು ಸಸ್ಯದ ಎಳೆಗಳಿಂದ ಗೂಡು ಕಟ್ಟುತ್ತದೆ. ಮೊಟ್ಟೆಗಳಿಗೆ ಈಜುರೆಕ್ಕೆಯಿಂದ ನೀರು ಬೀಸುತ್ತಾ ಕಾವಲು ಕಾಯುತ್ತದೆ. ಯಾರೂ ಗಮನಿಸದ ಹಳ್ಳದ ಮೀನಿನ ಸಂಸಾರವನ್ನು ಅವರು ಗಾಜಿನ ಮೂಲಕ ದಿನದಿನವೂ ನೋಡಿ ಬರೆದಿಟ್ಟರು.

1867ರಲ್ಲಿ ವಾರಿಂಗ್ಟನ್ ನಿಧನರಾದರು. ಅವರ ಪ್ರಯೋಗದಲ್ಲಿದ್ದ ಇನ್ನೊಂದು ಕೊಂಡಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೀನಿನ ತ್ಯಾಜ್ಯದಿಂದ ಅಮೋನಿಯ ಎಂಬ ವಿಷ ಉಂಟಾಗುತ್ತದೆ. ಮರಳಿನಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟನ್ನು ಸಸ್ಯ ಹೀರಿಕೊಳ್ಳುತ್ತದೆ. ಈ ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆ ಎಂಬುದನ್ನು ಮಣ್ಣಿನ ಅಧ್ಯಯನದಿಂದ ತೋರಿಸಿದವರಲ್ಲಿ ಒಬ್ಬರು ಯಾರು ಗೊತ್ತೇ? ಅವರ ಮಗ! ಅವರ ಹೆಸರೂ ರಾಬರ್ಟ್ ವಾರಿಂಗ್ಟನ್. ತಂದೆಯ ಪಾತ್ರೆಯಲ್ಲಿ ಕಾಣದೆ ದುಡಿಯುತ್ತಿದ್ದ ಜೀವಿಗಳ ಕೆಲಸವನ್ನು ಮಗ ಹೊಲದ ಮಣ್ಣಿನಲ್ಲಿ ಕಂಡರು.

ಮಕ್ಕಳೇ, ನೀವೂ ಶಿಕ್ಷಕರ ನೆರವಿನಿಂದ ಶಾಲೆಯಲ್ಲಿ ಇಂಥದೊಂದು ಕೊಳ ಕಟ್ಟಬಹುದು. ಮೊದಲು ಮರಳು, ನೀರು, ಸಸ್ಯ, ಬಸವನಹುಳು ಇರಲಿ. ಕೆಲವು ವಾರಗಳ ನಂತರ ಸಮೀಪದ ಕೆರೆಯ ಒಂದೆರಡು ಪುಟ್ಟ ಮೀನುಗಳನ್ನು ಬಿಡಿ. ಆಹಾರ ಅತಿಯಾಗಿ ಹಾಕಬೇಡಿ. ಅಂಗಡಿಯಿಂದ ತಂದ ಮೀನನ್ನು ಮಾತ್ರ ಎಂದೂ ಕೆರೆಗೆ ಬಿಡಬೇಡಿ; ಅದು ಅಲ್ಲಿನ ಮೀನುಗಳಿಗೆ ಕುತ್ತಾಗಬಹುದು. ಪಾತ್ರೆಯಲ್ಲಿ ಒಂದು ಜೀವಿ ಇಲ್ಲದಿದ್ದಾಗ ಏನಾಯಿತೆಂದು ನೋಡಿದಿರಲ್ಲ? ಕೆರೆಯಲ್ಲೂ ಹಾಗೆಯೇ.