ಕೊನೆಯ ತುತ್ತು: ಪ್ರಸೇನಜಿತ್ ರಾಜನ ಊಟ



*ಇಂದಿನ ಧಮ್ಮ ಚಿಂತನೆ*

ಕೋಸಲದ ರಾಜ ಪ್ರಸೇನಜಿತ್ ನಮಗೆಲ್ಲ ಪರಿಚಿತ. ಪಾಲಿಯಲ್ಲಿ ಅವನ ಹೆಸರು ಪಸೇನದಿ, ರಾಜಧಾನಿ ಶ್ರಾವಸ್ತಿ. ಅವನ ತಂಗಿಯನ್ನು ಮಗಧದ ಬಿಂಬಿಸಾರನಿಗೆ ಕೊಟ್ಟಿತ್ತು. ರಾಣಿ ಮಲ್ಲಿಕಾ ಹೂಮಾಲೆ ಕಟ್ಟುವವನ ಮಗಳು. ಈ ರಾಜ ಹುಟ್ಟಾ ಸಾಧುವಲ್ಲ. 500 ಹೋರಿಗಳನ್ನು ಕಂಬಕ್ಕೆ ಕಟ್ಟಿಸಿ ಮಹಾಯಜ್ಞಕ್ಕೆ ಹೊರಟವನು. ಮಲ್ಲಿಕಾ ಹೆಣ್ಣುಮಗು ಹೆತ್ತಳೆಂದು ಮುಖ ಸಣ್ಣದು ಮಾಡಿಕೊಂಡವನು. ಬುದ್ಧರು ಅವನನ್ನು ಒಂದೊಂದೇ ವಿಷಯದಲ್ಲಿ ತಿದ್ದುತ್ತ ಬಂದರು. ಅದರಲ್ಲಿ ಊಟವೂ ಒಂದು.

ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿ ಈ ಪ್ರಸಂಗ ಬರುತ್ತದೆ. ರಾಜ ಉಣ್ಣುತ್ತಿದ್ದುದು ಒಂದು ದ್ರೋಣ ಅಕ್ಕಿಯ ಅನ್ನ. ಹಳೆಯ ಅಳತೆಯಲ್ಲಿ 16 ನಾಳಿಗೆ ಒಂದು ದ್ರೋಣ. ಒಂದು ದಿನ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತ ಬುದ್ಧರ ಬಳಿ ಬಂದ. ಬುದ್ಧರು ಬೈಯಲಿಲ್ಲ, ಉಪವಾಸ ಹೇಳಲಿಲ್ಲ. ಮಿತವರಿತು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಮುಪ್ಪು ನಿಧಾನವಾಗುತ್ತದೆ ಎಂಬ ಅರ್ಥದ ಒಂದು ಗಾಥೆ ಹೇಳಿದರು. ರಾಜನ ಹಿಂದೆ ನಿಂತಿದ್ದ ಸುದರ್ಶನ ಎಂಬ ತರುಣ ಅದನ್ನು ಕಲಿತುಕೊಂಡ. ಊಟದ ಹೊತ್ತಿನಲ್ಲಿ ಅದನ್ನು ಹೇಳಲು ರಾಜ ಅವನಿಗೆ ದಿನಕ್ಕೆ 100 ಕಹಾಪಣ ಗೊತ್ತುಮಾಡಿದ.

ಅಟ್ಟಕಥೆ ಇನ್ನೊಂದು ವಿವರ ಕೊಡುತ್ತದೆ. ಗಾಥೆಯನ್ನು ಊಟದ ಮೊದಲಿಗೆ ಹೇಳಬಾರದು, ರಾಜ ಕೊನೆಯ ತುತ್ತು ಎತ್ತುವಾಗ ಹೇಳಬೇಕು. ಅವನು ಆ ತುತ್ತನ್ನು ಬಿಟ್ಟರೆ ಅದರಲ್ಲಿ ಎಷ್ಟು ಅಗುಳಿದೆಯೋ ಅಷ್ಟು ಅಕ್ಕಿಯನ್ನು ಮುಂದಿನ ಅಡುಗೆಯಲ್ಲಿ ಕಡಿಮೆ ಮಾಡಬೇಕು. ಹೀಗೆ ತುತ್ತು ತುತ್ತಾಗಿ ಇಳಿದು, ದ್ರೋಣ ಉಣ್ಣುತ್ತಿದ್ದವನು ಒಂದು ನಾಳಿಗೆ ಬಂದು ನಿಂತ. ಮೈ ಹಗುರಾಯಿತು. ಬುದ್ಧರು ತನಗೆ ಇಹಕ್ಕೂ ಪರಕ್ಕೂ ಹಿತ ಮಾಡಿದರೆಂದು ಕೈಯಿಂದ ಮೈ ಸವರಿಕೊಳ್ಳುತ್ತ ಹಿಗ್ಗಿದ.

ನಮ್ಮ ಹಿರಿಯರು ಹಸಿವಿನಲ್ಲೇ ಬದುಕಿದವರು, ತಂಗಳು ಬೇಡಿ ಉಂಡವರು. ಅವರ ಮಕ್ಕಳಿಗೆ ಮಿತವಾಗಿ ಉಣ್ಣಿ ಎಂದು ಯಾರಾದರೂ ಉಪದೇಶಿಸಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ಧಮ್ಮಪದವನ್ನು ನೋಡಿ. ಸುಖವಗ್ಗದ 204ನೇ ಗಾಥೆ ಆರೋಗ್ಯದ್ದು. ಅಟ್ಟಕಥೆ ಅದಕ್ಕೆ ಈ ರಾಜನ ಕಥೆಯನ್ನೇ ಹೇಳುತ್ತದೆ. ಅದರ ಹಿಂದಿನ 203 ಹಸಿವಿನದ್ದು. ಅದರ ಕಥೆ ಆಳವಿಯ ಬಡ ರೈತನದು. ಕಳೆದುಹೋದ ಎತ್ತನ್ನು ಹುಡುಕಿ ಹಸಿದು ಬಂದ ಅವನಿಗೆ ಬುದ್ಧರು ಮೊದಲು ಊಟ ಹಾಕಿಸಿದರು, ಆಮೇಲೆ ಧಮ್ಮ ಹೇಳಿದರು. ಹಸಿದವನಿಗೆ ಅನ್ನ, ಅತಿಯಾಗಿ ಉಣ್ಣುವವನಿಗೆ ಅಳತೆ. ಇದೇ ಮಧ್ಯಮ ಮಾರ್ಗ.

ಇನ್ನೊಂದು ಮಾತು. ಬುದ್ಧರು ರಾಜನಿಗೆ ಯಾವ ಆಹಾರ ಮಡಿ, ಯಾವುದು ಮೈಲಿಗೆ ಎಂದು ಹೇಳಲಿಲ್ಲ. ಹೇಳಿದ್ದು ಅಳತೆಯನ್ನು ಮಾತ್ರ. ನಮ್ಮ ತಟ್ಟೆಯಲ್ಲಿ ಏನಿರಬೇಕೆಂದು ಬೇರೆಯವರು ತೀರ್ಪು ಕೊಡುವ ಕಾಲದಲ್ಲಿ ಇದನ್ನು ನೆನಪಿಡಬೇಕು. ಹಾಗೆಯೇ ಇಂದು ನಮ್ಮ ಕೇರಿಗಳಿಗೂ ಸಕ್ಕರೆ ಕಾಯಿಲೆ ಬಂದಿದೆ. ಬಾಬಾಸಾಹೇಬರೇ ಆ ಕಾಯಿಲೆಯಿಂದ ಎಷ್ಟು ನರಳಿದರೆಂದು ನಮಗೆ ಗೊತ್ತು. ಮೂರು ಹೊತ್ತೂ ಬರೀ ಅನ್ನ, ದಿನಕ್ಕೆ ಐದಾರು ಸಲ ಸಕ್ಕರೆ ಚಹಾ ಎಂದಾದರೆ ಅದು ಘನತೆಯ ಊಟವಲ್ಲ.

ಪ್ರಸೇನಜಿತ್ 80ನೆಯ ವಯಸ್ಸಿನಲ್ಲೂ ಬುದ್ಧರನ್ನು ಹುಡುಕಿಕೊಂಡು ಹೋಗಿ ಪಾದಕ್ಕೆ ಎರಗಿದ. ಆಮೇಲೆ ಮಗ ವಿಡೂಡಭ ಪಟ್ಟ ಕಸಿದುಕೊಂಡ. ಮುದುಕ ರಾಜ ರಾಜಗೃಹದ ಕೋಟೆಬಾಗಿಲ ಹೊರಗೆ ಪ್ರಾಣ ಬಿಟ್ಟ. ರಾಜ್ಯ ಅವನ ಕೈಯಲ್ಲಿ ಉಳಿಯಲಿಲ್ಲ. ತನ್ನ ಕೈಯ ತುತ್ತನ್ನು ಮಾತ್ರ ಅವನು ಗೆದ್ದಿದ್ದ.

*ಇಂದಿನ ಅಭ್ಯಾಸ:* ಇವತ್ತು ಅಕ್ಕಿ ಅಳೆಯುವಾಗ ಒಂದು ಹಿಡಿ ಕಡಿಮೆ ಹಾಕೋಣ, ಆ ಜಾಗಕ್ಕೆ ಸೊಪ್ಪೋ ಕಾಳೋ ಬರಲಿ. ಮನೆಯಲ್ಲಿ ಒಬ್ಬರು ಸುದರ್ಶನರಾಗಲಿ, ಗದರದೆ ನೆನಪಿಸಲಿ. ಪಕ್ಕದ ಮನೆಯಲ್ಲಿ ಯಾರಾದರೂ ಹಸಿದಿದ್ದರೆ ಮೊದಲು ಅವರಿಗೆ ಬಡಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.