ಎರಡಾಣೆ ಪಿಗ್ಮಿಯಿಂದ ಇಂಜಿನಿಯರಿಂಗ್ ಕಾಲೇಜಿನ ತನಕ: ಕಲ್ಯಾಣಪುರದ ಡಾ. ಟಿ.ಎಂ.ಎ. ಪೈ

ಬ್ರಹ್ಮಾವರ: ದಿನದ ವ್ಯಾಪಾರ ಮುಗಿಯೋ ಹೊತ್ತಿಗೆ ಪಿಗ್ಮಿ ಕಲೆಕ್ಟರ್ ಬಂದು ನಿಲ್ಲೋದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಂಗಡಿಯವರಿಗೆ ಹೊಸದೇನಲ್ಲ. ಗಲ್ಲಾಪೆಟ್ಟಿಗೆಯಿಂದ ಐವತ್ತೋ ನೂರೋ ತೆಗೆದು ಕೊಟ್ಟು ಚೀಟಿ ಇಸ್ಕೊಂಡರೆ ಆಯ್ತು. ಈ ಪಿಗ್ಮಿ ಶುರುವಾದದ್ದು 1928ರಲ್ಲಿ, ದಿನಕ್ಕೆ ಎರಡಾಣೆ ಲೆಕ್ಕದಲ್ಲಿ. ಅದೇ ವರ್ಷ ಆ ಬ್ಯಾಂಕು ತನ್ನ ಮೊದಲ ಶಾಖೆ ತೆರೆದದ್ದು ಬ್ರಹ್ಮಾವರದಲ್ಲೇ. ಬ್ಯಾಂಕು ಕಟ್ಟಿದ ಮೂವರಲ್ಲಿ ಒಬ್ಬರು ಡಾ. ತೋನ್ಸೆ ಮಾಧವ ಅನಂತ ಪೈ. ಮುಂದೆ ಕರಾವಳಿಗೆ ಮೊದಲ ಇಂಜಿನಿಯರಿಂಗ್ ಕಾಲೇಜು ತಂದವರೂ ಅವರೇ. ಮನೆಯಲ್ಲಿ ಬಿ.ಇ. ಓದುವ ಮಗನೋ ಮಗಳೋ ಇದ್ದು, ಇಂಟರ್ನ್‌ಶಿಪ್ ಎಲ್ಲಿ ಸಿಗತ್ತೆ ಅಂತ ಹುಡುಕ್ತಾ ಇದ್ದರೆ ಪೈಯವರ ಕಥೆ ಗೊತ್ತಿರಬೇಕು.

ಬ್ರಹ್ಮಾವರದಿಂದ ಉಡುಪಿಗೆ ಹೋಗುವಾಗ ಉಪ್ಪೂರು ಕಳೆದು ಸುವರ್ಣಾ ನದಿ ದಾಟಿದ ಕೂಡಲೇ ಕಲ್ಯಾಣಪುರ. ಪೈಯವರು ಹುಟ್ಟಿದ್ದು ಅಲ್ಲೇ, 1898ರ ಏಪ್ರಿಲ್ 30ರಂದು. ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಡಾಕ್ಟರಿಕೆ ಕಲಿಯಬೇಕು ಅಂದ್ರೆ ಮದ್ರಾಸಿಗೇ ಹೋಗಬೇಕು, ಅವರೂ ಹೋದರು. ಓದು ಮುಗಿಸಿ ಬಂದು ದವಾಖಾನೆ ಇಟ್ಟರು. ಈಗಿನ ಮಣಿಪಾಲ ನೋಡಿದವರಿಗೆ ನಂಬೋಕೆ ಕಷ್ಟ, ಆಗ ಅದು ಮುರಕಲ್ಲಿನ ಬೋಳುಗುಡ್ಡೆ. ಗುಡ್ಡೆಯ ಮೇಲಿನ ಮಣ್ಣಪಳ್ಳದಿಂದಲೇ ಊರಿಗೆ ಆ ಹೆಸರು ಬಂತು ಅಂತಾರೆ.

1925ರಲ್ಲಿ ಪೈಯವರು, ಅವರ ಅಣ್ಣ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುಮಾಡಿದರು. ಒಬ್ಬರು ಡಾಕ್ಟರು, ಒಬ್ಬರು ವ್ಯಾಪಾರಿ, ಒಬ್ಬರು ಇಂಜಿನಿಯರು. ಮಗ್ಗ ನಿಂತು ಕಂಗಾಲಾಗಿದ್ದ ಇಲ್ಲಿನ ನೇಕಾರರಿಗೆ ಸಾಲ ಕೊಡಬೇಕಿತ್ತು. ಅದಕ್ಕೆ ದುಡ್ಡು ಎಲ್ಲಿಂದ? ದೊಡ್ಡ ಕುಳಗಳನ್ನು ಕಾಯುತ್ತಾ ಕೂತರೆ ಆಗೋ ಕೆಲಸ ಅಲ್ಲ. ಹಾಗಾಗಿ ಬ್ಯಾಂಕೇ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ನಡೆದು ಹೋಯಿತು. ಪಿಗ್ಮಿ ಹುಟ್ಟಿದ್ದು ಹೀಗೆ. ಬ್ಯಾಂಕಿನ ಒಳಗೆ ಕಾಲಿಡೋಕೆ ಹೆದರುತ್ತಿದ್ದವರೂ ಇದರಿಂದ ಖಾತೆದಾರರಾದರು.

ಶಿಕ್ಷಣಕ್ಕೆ ಕೈ ಹಾಕಿದ್ದು 1942ರಲ್ಲಿ, ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೂಲಕ. ಹೆಸರು ದೊಡ್ಡದು, ಆದರೆ ಮೊದಲು ಕಲಿಸೋಕೆ ಹೊರಟದ್ದು ಕೈಕಸುಬು. ಶಾಲೆ ಬಿಟ್ಟ ಹುಡುಗರ ಕೈಗೆ ಒಂದು ಕೆಲಸ ಹತ್ತಬೇಕು, ನಾಲ್ಕು ಕಾಸು ಹುಟ್ಟಬೇಕು. ಡಿಗ್ರಿ ಕಾಲೇಜು ಬಂದದ್ದು ಅದರ ನಂತರ, 1949ರಲ್ಲಿ ಉಡುಪಿಯ ಎಂಜಿಎಂ. ಈಗ ಡಿಗ್ರಿ ಮೊದಲು, ಕೆಲಸ ಕಲಿಯೋದು ಕೊನೆಯ ಸೆಮಿಸ್ಟರಿನಲ್ಲಿ. ಪೈಯವರು ಹಿಡಿದ ದಾರಿ ಇದಕ್ಕೆ ತಿರುಗುಮುರುಗು.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಅವರ ಲೆಕ್ಕಾಚಾರ ಇನ್ನೂ ಚೆನ್ನಾಗಿ ಕಾಣತ್ತೆ. ಗುಡ್ಡೆಯ ಮೇಲೆ ಪಾಠ ಹೇಳಬಹುದು, ರೋಗಿಗಳನ್ನು ಎಲ್ಲಿಂದ ತರೋದು? ಮೆಡಿಕಲ್ ವಿದ್ಯಾರ್ಥಿ ವಾರ್ಡಿನಲ್ಲಿ ನಿಲ್ಲದೆ ಡಾಕ್ಟರಾಗೋದಿಲ್ಲ. ದೊಡ್ಡ ಆಸ್ಪತ್ರೆ ಕಟ್ಟುವಷ್ಟು ಹಣವೂ ಇರಲಿಲ್ಲ, ಅಷ್ಟು ಕಾಯೋಕೆ ಸಮಯವೂ ಇರಲಿಲ್ಲ. ಮಂಗಳೂರಿನಲ್ಲಿ ಸರ್ಕಾರದ ವೆನ್ಲಾಕ್ ಆಸ್ಪತ್ರೆ ಇತ್ತು. ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿದರು. ಆಸ್ಪತ್ರೆಗೆ ಡಾಕ್ಟರುಗಳು ಸಿಕ್ಕರು, ಹುಡುಗರಿಗೆ ಕಲಿಕೆ ಸಿಕ್ಕಿತು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಕೆಲಸ ನಡೆಯುವ ಜಾಗಕ್ಕೇ ಹೋಗಿ ಕಲಿಯೋದು, ಇಂಟರ್ನ್‌ಶಿಪ್ ಅಂದ್ರೂ ಇದೇ ಅಲ್ವಾ?

ಇಂಜಿನಿಯರಿಂಗ್ ಕಾಲೇಜಿನ ವರ್ಷ 1957. ಎರಡನೇ ಪಂಚವಾರ್ಷಿಕ ಯೋಜನೆ ಆಗಷ್ಟೇ ಶುರುವಾಗಿತ್ತು, ಅಣೆಕಟ್ಟು, ಉಕ್ಕಿನ ಕಾರ್ಖಾನೆ ಅಂತ ದೇಶದ ತುಂಬ ಇಂಜಿನಿಯರುಗಳು ಬೇಕಿತ್ತು. ಕುಂದಾಪುರದ ಹುಡುಗನೊಬ್ಬ ಇಂಜಿನಿಯರ್ ಆಗಬೇಕಾದರೆ ಮದ್ರಾಸಿಗೋ ಬೆಂಗಳೂರಿಗೋ ಪುಣೆಗೋ ಹೋಗಬೇಕಾಗಿದ್ದ ಕಾಲ ಅದು. ಸುರತ್ಕಲ್ಲಿನ ಸರ್ಕಾರಿ ಕಾಲೇಜು ಬಂದದ್ದೂ ಮೂರು ವರ್ಷ ತಡವಾಗಿ, 1960ರಲ್ಲಿ. ಪೈಯವರ ಮಣಿಪಾಲ ಇಂಜಿನಿಯರಿಂಗ್ ಕಾಲೇಜಿಗೆ ಈಗಿನ ಎಂಐಟಿ ಹೆಸರು ಬಂದದ್ದು 1974ರಲ್ಲಿ.

ಆದರೆ ಮೆಡಿಕಲ್ಲಿಗೆ ಸಿಕ್ಕ ವೆನ್ಲಾಕ್ ಇಂಜಿನಿಯರಿಂಗಿಗೆ ಸಿಗಲಿಲ್ಲ. ಕರಾವಳಿಯಲ್ಲಿ ಇದ್ದದ್ದು ಹಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಅಲ್ಲೊಂದು ಇಲ್ಲೊಂದು ವರ್ಕ್‌ಶಾಪು. ಮಣಿಪಾಲದಲ್ಲಿ 1941ರಿಂದ ಒಂದು ದೊಡ್ಡ ಪ್ರೆಸ್ ಇತ್ತು, 1964ರ ಹೊತ್ತಿಗೆ ಬ್ಯಾಂಕಿನ ಮುಖ್ಯ ಕಚೇರಿಯೂ ಗುಡ್ಡೆ ಹತ್ತಿತು. ನೂರಾರು ಹುಡುಗರು ಯಂತ್ರದ ಮುಂದೆ ನಿಂತು ಕಲಿಯೋಕೆ ಅದು ಸಾಲದು. ಈ ಕೊರತೆ ಇವತ್ತಿಗೂ ಪೂರ್ತಿ ತುಂಬಿಲ್ಲ. ಈಗ ಕುಂದಾಪುರದ ಮೂಡ್ಲಕಟ್ಟೆಯಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. 1963ರಲ್ಲಿ ಬಹ್ರೈನ್‌ನಲ್ಲಿ ವೈದ್ಯರಾಗಿದ್ದ ಡಾ. ಎ.ಎಸ್. ಭಂಡಾರ್ಕರ್ ಅವರ ದಾನದಿಂದ, ಪೈಯವರ ಅಕಾಡೆಮಿಯ ಆಶ್ರಯದಲ್ಲಿ ಶುರುವಾದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಸಿ.ಎ. ಕೂಡ ಇದೆ. ಓದು ಮನೆಬಾಗಿಲಿಗೆ ಬಂತು, ಕಂಪೆನಿ ಬರಲಿಲ್ಲ. ವಿಟಿಯು ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ ಮೇಲೆ ಬೈಂದೂರಿನ ಹುಡುಗಿ ಬೆಂಗಳೂರಿಗೆ ಹೋಗಿ, ಪಿಜಿ ಬಾಡಿಗೆ ಕಟ್ಟಿ, ಎಷ್ಟೋ ಸಲ ಸಂಬಳ ಇಲ್ಲದೆ ತಿಂಗಳುಗಟ್ಟಲೆ ದುಡಿಯಬೇಕು. ದುಡ್ಡು ಇಸ್ಕೊಂಡು ಬರೀ ಸರ್ಟಿಫಿಕೇಟ್ ಕೊಡುವವರೂ ಹುಟ್ಟಿಕೊಂಡಿದ್ದಾರೆ. ಅಪ್ಪನ ಅಂಗಡಿಯ ಪಿಗ್ಮಿ ಒಡೆಯೋದು ಆಗಲೇ.

ಪೈಯವರನ್ನು ಹೊಗಳುವವರು ಇರುವಷ್ಟೇ ಟೀಕೆ ಮಾಡುವವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸರ್ಕಾರದ ಅನುದಾನಕ್ಕೆ ಕಾಯದೆ ಫೀಸು, ದೇಣಿಗೆಯಲ್ಲೇ ವೃತ್ತಿಶಿಕ್ಷಣದ ಕಾಲೇಜು ನಡೆಸಬಹುದು ಅಂತ ತೋರಿಸಿಕೊಟ್ಟವರು ಅವರು. ಸರ್ಕಾರಿ ಸೀಟು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅದರಿಂದ ಸಾವಿರಾರು ಮಂದಿ ಡಾಕ್ಟರು, ಇಂಜಿನಿಯರು ಆದರು. ಅದೇ ದಾರಿಯಲ್ಲಿ ಬಂದ ಬೇರೆ ಬೇರೆ ಕಡೆಯ ಕಾಲೇಜುಗಳು ಸೀಟನ್ನು ಮಾರಾಟದ ಸರಕು ಮಾಡಿದ್ದೂ ನಿಜ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾನೂನೇ ತರಬೇಕಾಯಿತು. ಎರಡಾಣೆ ಉಳಿಸುವವನಿಗೂ ಬ್ಯಾಂಕಿನ ಬಾಗಿಲು ತೆರೆದವರ ಕಾಲೇಜಿನ ಬಾಗಿಲು ಅಂಥವನ ಮಗನಿಗೆ ಎಷ್ಟು ತೆರೆದಿತ್ತು ಅನ್ನೋ ಪ್ರಶ್ನೆ ಹಳೆಯದಾಗಿಲ್ಲ.

1969ರ ಜುಲೈ 19ರಂದು ಬ್ಯಾಂಕು ರಾಷ್ಟ್ರೀಕರಣವಾಗಿ ಕುಟುಂಬದ ಕೈತಪ್ಪಿತು. 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು, 81ನೇ ವಯಸ್ಸಿನಲ್ಲಿ ಪೈಯವರು ತೀರಿಕೊಂಡರು. ಅವರ ಇಂಜಿನಿಯರಿಂಗ್ ಕಾಲೇಜಿನಿಂದ 1988ರಲ್ಲಿ ಇಲೆಕ್ಟ್ರಿಕಲ್ ಬಿ.ಇ. ಮುಗಿಸಿ ಹೊರಟ ಹೈದರಾಬಾದಿನ ಹುಡುಗ ಸತ್ಯ ನಾದೆಲ್ಲ ಮೈಕ್ರೋಸಾಫ್ಟ್ ಮುಖ್ಯಸ್ಥರಾದದ್ದನ್ನು ನೋಡೋಕೆ ಅವರು ಇರಲಿಲ್ಲ.

ಸಿಂಡಿಕೇಟ್ ಬ್ಯಾಂಕ್ ಅನ್ನೋ ಹೆಸರು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪೈಯವರ ಹೆಸರು ಮಾತ್ರ ಕೋರ್ಟಿನಲ್ಲಿ ಗಟ್ಟಿಯಾಗಿ ಉಳಿದಿದೆ. ಟಿ.ಎಂ.ಎ. ಪೈ ಫೌಂಡೇಶನ್ ಹಾಗೂ ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲಿ 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು: ಅನುದಾನ ಪಡೆಯದ ಖಾಸಗಿ ಕಾಲೇಜು ತನ್ನ ಫೀಸನ್ನು ತಾನೇ ನಿರ್ಧರಿಸಬಹುದು, ಆದರೆ ಕ್ಯಾಪಿಟೇಶನ್ ತೆಗೆದುಕೊಳ್ಳುವಂತಿಲ್ಲ, ಲಾಭಕೋರತನ ಮಾಡುವಂತಿಲ್ಲ. ಖಾಸಗಿ ಕಾಲೇಜಿನ ಫೀಸಿನ ಜಗಳ ಕೋರ್ಟು ಹತ್ತಿದಾಗಲೆಲ್ಲ ವಕೀಲರು ಇವತ್ತಿಗೂ ಮೊದಲು ತೆಗೆಯುವುದು ಕಲ್ಯಾಣಪುರದ ಈ ಡಾಕ್ಟರ ಹೆಸರಿನ ತೀರ್ಪನ್ನೇ.